ಲ್ಯಾಪ್‌ಟಾಪಿನ ಮೌನ: ಲಿನಕ್ಸ್ ವ್ಯವಸ್ಥೆಯಲ್ಲಿ ಧ್ವನಿದೋಷದ ನಿದಾನ ಮತ್ತು ಪರಿಹಾರ

ಹದಿಮೂರನೆಯ ಶತಮಾನದ ವೈಯಾಕರಣ ಕೇಶಿರಾಜನು ತನ್ನ 'ಶಬ್ದಮಣಿದರ್ಪಣ'ದಲ್ಲಿ ಶಬ್ದದ ಉತ್ಪತ್ತಿಯನ್ನು ನಿರೂಪಿಸುತ್ತ, ಜೀವನ ಇಚ್ಛೆಯಿಂದಲೂ ಅನುಕೂಲವಾದ ವಾಯುವಿನಿಂದಲೂ ಅದು ನಾಭಿಮೂಲದಲ್ಲಿ ಕಹಳೆಯಂತೆ ಜನಿಸುವುದೆಂದು ತಿಳಿಸಿದ್ದಾನೆ. ಇಚ್ಛೆಯಿದ್ದು ವಾಯುವು ಅನುಕೂಲವಾಗದಿದ್ದರೆ ಮಾತು ಹೊರಡದು. ಎರಡೂ ಇದ್ದು ಕಂಠವು ಕಟ್ಟಿದ್ದರೂ ಮಾತು ಹೊರಡದು. ಆದರೆ ಎದುರಿಗೆ ಕುಳಿತು ಕೇಳುವವನಿಗೆ ಈ ಭೇದ ತೋರುವುದಿಲ್ಲ. ಅವನ ಪಾಲಿಗೆ ಎಲ್ಲವೂ ಒಂದೇ ಮೌನ. ಇಂದಿನ ಲ್ಯಾಪ್‌ಟಾಪ್ ಗಣಕದ ಧ್ವನಿವರ್ಧಕವು ಮೌನ ತಾಳಿದಾಗ ಆಗುವುದೂ ಇದೇ. "ಸ್ಪೀಕರ್ ಹೋಗಿದೆ" ಎಂಬ ಎರಡು ಮಾತಿನ ತೀರ್ಪು ಹೊರಬೀಳುತ್ತದೆ; ಯಂತ್ರವು ಕಪಾಟು ಸೇರುತ್ತದೆ. ವಾಸ್ತವದಲ್ಲಿ ಸ್ಪೀಕರೆಂಬ ಕಂಠವು ಕೆಟ್ಟಿರುವ ಪ್ರಸಂಗಗಳು ವಿರಳ. ಇಚ್ಛೆಯು ಕಂಠವನ್ನು ತಲುಪುವ ಮಾರ್ಗದಲ್ಲಿ ಎಲ್ಲಿಯೋ ತಡೆಯೊಂದು ಉಂಟಾಗಿರುತ್ತದೆ. ಆ ತಡೆ ಎಲ್ಲಿದೆಯೆಂದು ಅರಿಯುವ ಕ್ರಮವನ್ನು, ವಿಶೇಷವಾಗಿ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣೆ ವ್ಯವಸ್ಥೆಯನ್ನು ಆಧರಿಸಿ, ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವಿಷಯವು ಶಾಲೆಗಳಿಗೆ ಸಂಬಂಧಿಸಿದ್ದೇ ಎಂದು ಕೆಲವರು ಶಂಕಿಸಬಹುದು. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದರ ಮುಂದಿನ ಆವೃತ್ತಿಯಾದ ವಿಂಡೋಸ್ 11, ಹಳೆಯ ಯಂತ್ರಗಳಲ್ಲಿ ಇಲ್ಲದ ಭದ್ರತಾ ಸಾಧನವನ್ನೂ ಹೊಸ ತಲೆಮಾರಿನ ಸಂಸ್ಕಾರಕವನ್ನೂ ಅಪೇಕ್ಷಿಸುತ್ತದೆ. ಹೀಗಿರಲಾಗಿ, ಗಟ್ಟಿಮುಟ್ಟಾಗಿದ್ದೂ ಹೊಸ ವ್ಯವಸ್ಥೆಗೆ ಅನರ್ಹವೆನಿಸಿದ ಅನೇಕ ಯಂತ್ರಗಳು ಮಾಲೀಕರಿಗೆ ಬೇಡವಾಗಿ, ದಾನರೂಪದಲ್ಲಿ ಶಾಲೆಗಳ ಬಾಗಿಲಿಗೆ ಬರುವುದು ಸಹಜ. ಅವುಗಳಲ್ಲಿ ಉಬುಂಟು, ಮಿಂಟ್, ಡೆಬಿಯನ್ ಮೊದಲಾದ ಲಿನಕ್ಸ್ ಆವೃತ್ತಿಗಳನ್ನು ಹಣ ತೆರದೆ ಸ್ಥಾಪಿಸಬಹುದು. ನೆರೆಯ ಕೇರಳದ ಸರಕಾರಿ ಶಾಲೆಗಳಲ್ಲಿ ಮುಕ್ತ ತಂತ್ರಾಂಶವೇ ಬಹುಕಾಲದಿಂದ ಬಳಕೆಯಲ್ಲಿದೆ. ಹೀಗೆ ಮರುಜನ್ಮ ಪಡೆದ ಯಂತ್ರದಲ್ಲಿ ಪರದೆ ಬೆಳಗುತ್ತದೆ, ಕೀಲಿಮಣೆ ಓಡುತ್ತದೆ, ಅಂತರಜಾಲವೂ ಸಿಕ್ಕುತ್ತದೆ. ಆದರೆ ಧ್ವನಿ ಮಾತ್ರ ಹೊರಡದಿರುವ ಪ್ರಸಂಗ ಅಪರೂಪವಲ್ಲ.

ಕಣ್ಣಿದ್ದವರಿಗೆ ಇದೊಂದು ಅನನುಕೂಲತೆ ಮಾತ್ರ. ದೃಷ್ಟಿಹೀನ ವಿದ್ಯಾರ್ಥಿಗಾದರೋ ಗಣಕದ ಧ್ವನಿಯೇ ಗಣಕದ ಪರದೆ. ಲಿನಕ್ಸಿನಲ್ಲಿ 'ಓರ್ಕಾ' ಎಂಬ ಪರದೆವಾಚಕವಿದೆ. ಅದಕ್ಕೆ ದನಿಗೂಡಿಸುವ 'ಇಸ್ಪೀಕ್ ಎನ್‌ಜಿ' ಎಂಬ ಮುಕ್ತ ತಂತ್ರಾಂಶವು ಕನ್ನಡವನ್ನೂ ಓದಬಲ್ಲದು. ಅದರ ಉಚ್ಚಾರದಲ್ಲಿ ಮನುಷ್ಯಕಂಠದ ಮಾರ್ದವವನ್ನು ನಿರೀಕ್ಷಿಸಲಾಗದು, ತಗಡು ಬಡಿದಂತೆ ಕೇಳುತ್ತದೆ. ಆದರೂ ಪಾಠವನ್ನು ತಾನೇ ಓದಿಕೊಳ್ಳುವ ಸ್ವಾತಂತ್ರ್ಯವನ್ನು ಅದು ಕೊಡುತ್ತದೆ. ಸ್ಪೀಕರು ಮೂಕವಾದರೆ ಅಂತಹ ವಿದ್ಯಾರ್ಥಿಯ ಪಾಲಿಗೆ ಯಂತ್ರವೇ ಕತ್ತಲು. ಮೇಲಾಗಿ ದೋಷವನ್ನು ಹುಡುಕಬೇಕಾದರೂ ಪರದೆಯನ್ನು ಓದಬೇಕು, ಓದಲು ಧ್ವನಿ ಬೇಕು! ಈ ಇಕ್ಕಟ್ಟಿನಿಂದ ಪಾರಾಗುವ ಉಪಾಯವನ್ನು ಮುಂದೆ ತಿಳಿಸಿದೆ.

ಮೊದಲು ಧ್ವನಿಯ ಮಾರ್ಗವನ್ನು ತಿಳಿಯಬೇಕು. ಹಾಡನ್ನೋ ಪಾಠವನ್ನೋ ನುಡಿಸುವ ತಂತ್ರಾಂಶವು ಅಂಕೆಗಳ ಪ್ರವಾಹವನ್ನು ಹೊರಡಿಸುತ್ತದೆ, ಸಿ.ಡಿ.ಯ ಗುಣಮಟ್ಟದಲ್ಲಾದರೆ ಸೆಕೆಂಡಿಗೆ 44,100 ಮಾದರಿಗಳು. ಈ ಪ್ರವಾಹವು ಮೊದಲು ಧ್ವನಿಪರಿಚಾರಕನೆಂಬ ತಂತ್ರಾಂಶಕ್ಕೆ ಬರುತ್ತದೆ. ಹಲವು ತಂತ್ರಾಂಶಗಳ ಧ್ವನಿಯನ್ನು ಕೂಡಿಸಿ, ಯಾವುದು ಎಲ್ಲಿಗೆ ಹೋಗಬೇಕೆಂದು ನಿರ್ಣಯಿಸುವುದು ಇದರ ಕೆಲಸ. ಅಲ್ಲಿಂದ ಮುಂದೆ ವ್ಯವಸ್ಥೆಯ ಗರ್ಭದಲ್ಲಿರುವ ಕರ್ನಲ್ಲಿನ 'ಅಲ್ಸಾ' ವಿಭಾಗಕ್ಕೂ ಅದರ ಚಾಲಕಕ್ಕೂ ಸಾಗುತ್ತದೆ. ಚಾಲಕವು ಅದನ್ನು 'ಕೋಡೆಕ್' ಎಂಬ ಬಿಲ್ಲೆಗೆ ಒಪ್ಪಿಸುತ್ತದೆ. ಅಂಕೆಯು ವಿದ್ಯುತ್ತಿನ ಅಲೆಯಾಗುವುದು ಆ ಬಿಲ್ಲೆಯಲ್ಲಿ. ಆ ಅಲೆಯನ್ನು ಆಂಪ್ಲಿಫೈಯರು ಬಲಪಡಿಸುತ್ತದೆ. ಕಟ್ಟಕಡೆಗೆ ಅಯಸ್ಕಾಂತದ ನಡುವಿನ ಪುಟ್ಟ ತಂತಿಸುರುಳಿಯು ಅದುರಿ, ಪಟಲವು ಗಾಳಿಯನ್ನು ತಳ್ಳಿ, ಶಬ್ದವು ವೈಖರಿಯಾಗಿ ಹೊರಬೀಳುತ್ತದೆ.

ಈ ಮೆಟ್ಟಿಲುಗಳು ಒಬ್ಬರೇ ಒಂದೇ ಕಾಲದಲ್ಲಿ ಕಟ್ಟಿದವುಗಳಲ್ಲ. ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸನ್ನು ಪ್ರಕಟಿಸಿದ ಮೊದಲ ವರ್ಷಗಳಲ್ಲಿ ಬೇರೆಯೇ ಧ್ವನಿವ್ಯವಸ್ಥೆಯಿತ್ತು. ಜಾರೊಸ್ಲಾವ್ ಕಿಸೆಲಾ 1998ರಲ್ಲಿ ಆರಂಭಿಸಿದ ಅಲ್ಸಾ, 2003ರ ಕೊನೆಯಲ್ಲಿ ಬಂದ 2.6ನೆಯ ಕರ್ನಲ್ಲಿನೊಡನೆ ಪ್ರಧಾನ ಸ್ಥಾನವನ್ನು ಪಡೆಯಿತು. ಅದರ ಮೇಲಿನ ಪರಿಚಾರಕನಾಗಿ ಲೆನಾರ್ಟ್ ಪೊಟರಿಂಗರ 'ಪಲ್ಸ್‌ಆಡಿಯೊ' 2007ರ ಫೆಡೋರಾ 8ರಿಂದ ಪ್ರಚಾರಕ್ಕೆ ಬಂದಿತು. ಈಗ ಆ ಸ್ಥಾನವನ್ನು ವಿಮ್ ಟೇಮನ್ಸರ 'ಪೈಪ್‌ವೈರ್' ವಹಿಸಿಕೊಂಡಿದೆ: 2021ರಲ್ಲಿ ಫೆಡೋರಾ 34, 2022ರಲ್ಲಿ ಉಬುಂಟು 22.10, 2024ರಲ್ಲಿ ಮಿಂಟ್ 22 ಇದನ್ನು ಸ್ವೀಕರಿಸಿದವು. ಈ ಇತಿಹಾಸವನ್ನು ಇಲ್ಲಿ ಹೇಳುವುದಕ್ಕೆ ಕಾರಣವುಂಟು. ಧ್ವನಿದೋಷಕ್ಕೆಂದು ಜನರು ಒಬ್ಬರಿಂದೊಬ್ಬರು ನಕಲು ಮಾಡಿಕೊಳ್ಳುವ ಪರಿಹಾರಗಳಲ್ಲಿ ಬಹುಪಾಲು ಹಿಂದಿನ ಯುಗಕ್ಕೆ ಸೇರಿದವು. ಪಲ್ಸ್‌ಆಡಿಯೊ ಕಾಲದ ಮದ್ದನ್ನು ಪೈಪ್‌ವೈರಿನ ಯಂತ್ರಕ್ಕೆ ಕುಡಿಸಿದರೆ ಮೊದಲಿದ್ದ ದೋಷದೊಡನೆ ಹೊಸದೊಂದು ಸೇರುತ್ತದೆ. ಓಲೆಗರಿಯಿಂದ ಓಲೆಗರಿಗೆ ಲಿಪಿಕಾರನ ಪ್ರಮಾದವು ಹರಿದುಬರುವುದನ್ನು ಕಂಡವರಿಗೆ ಇದು ಆಶ್ಚರ್ಯವಲ್ಲ. ಯಾವ ಪರಿಹಾರವನ್ನೇ ಆಗಲಿ, ಅದು ಯಾವ ವರ್ಷದ್ದು, ಯಾವ ಆವೃತ್ತಿಗೆ ಹೇಳಿದ್ದು ಎಂದು ವಿಚಾರಿಸದೆ ಪ್ರಯೋಗಿಸಬಾರದು. ಒಮ್ಮೆಗೆ ಒಂದನ್ನೇ ಬದಲಿಸತಕ್ಕದ್ದು. ಬದಲಿಸಿದ್ದನ್ನು ಕಾಗದದ ಮೇಲೆ ಬರೆದಿಡತಕ್ಕದ್ದು.

ಇನ್ನು ಪರೀಕ್ಷೆ. ಇಯರ್‌ಫೋನನ್ನು ಚುಚ್ಚಿ ಕೇಳುವುದು ಮೊದಲ ಹೆಜ್ಜೆ. ಇದು ಅರ್ಧ ನಿಮಿಷದ ಕೆಲಸ; ಇದರಿಂದ ಅರ್ಧ ಮಾರ್ಗ ನಿಚ್ಚಳವಾಗುತ್ತದೆ. ಇಯರ್‌ಫೋನಿನಲ್ಲಿ ಧ್ವನಿ ಇದ್ದು ಸ್ಪೀಕರಿನಲ್ಲಿ ಮಾತ್ರ ಇಲ್ಲವೆಂದಾದರೆ ತಂತ್ರಾಂಶ, ಪರಿಚಾರಕ, ಚಾಲಕ, ಕೋಡೆಕ್ ಇಷ್ಟೂ ಬಹುಮಟ್ಟಿಗೆ ನಿರ್ದೋಷಿಗಳು. ತಡೆ ಇರುವುದು ಕೋಡೆಕ್ಕಿನಿಂದ ಸ್ಪೀಕರಿಗೆ ಹೋಗುವ ಕಡೆಯ ದಾರಿಯಲ್ಲಿ. ಎರಡರಲ್ಲೂ ಇಲ್ಲವಾದರೆ ಮೇಲಿನ ಮೆಟ್ಟಿಲುಗಳನ್ನು ಶೋಧಿಸಬೇಕು. ಮೊದಲ ಬಗೆಯ ದೋಷಕ್ಕೆ ಕೆಲವೊಮ್ಮೆ ಕ್ಷುಲ್ಲಕ ಕಾರಣವಿರುತ್ತದೆ. ಇಯರ್‌ಫೋನ್ ರಂಧ್ರದೊಳಗಿನ ಸ್ಪರ್ಶಪಟ್ಟಿಯು ಧೂಳಿನಿಂದಲೋ ಸವೆತದಿಂದಲೋ ಸಿಕ್ಕಿಕೊಂಡರೆ, ಏನನ್ನೂ ಚುಚ್ಚದಿದ್ದರೂ ಚುಚ್ಚಿದೆಯೆಂದೇ ಯಂತ್ರವು ನಂಬಿ ಸ್ಪೀಕರನ್ನು ತಾನಾಗಿ ಮುಚ್ಚಿಬಿಡುತ್ತದೆ. ಒಣ ಗಾಳಿಯನ್ನು ಊದಿ, ಕಡ್ಡಿಯನ್ನು ನಾಲ್ಕೈದು ಬಾರಿ ಮೆಲ್ಲನೆ ಹಾಕಿ ತೆಗೆದರೆ ಅನೇಕ ಯಂತ್ರಗಳು ಮಾತಾಡತೊಡಗುತ್ತವೆ.

ಎರಡನೆಯ ಬಗೆಯಲ್ಲಿ, ಅಂದರೆ ಎಲ್ಲಿಯೂ ಧ್ವನಿಯಿಲ್ಲದಾಗ, ವ್ಯವಸ್ಥೆಯ ಧ್ವನಿಸಂಯೋಜನೆಯ ಪುಟವನ್ನು ತೆರೆದು ಯಾವ ನಿರ್ಗಮ ಆಯ್ಕೆಯಾಗಿದೆಯೆಂದು ನೋಡಬೇಕು. ಅಲ್ಲಿ ಎಚ್‌ಡಿಎಂಐ ಎಂದಿದ್ದರೆ ಧ್ವನಿಯು ಪರದೆಯ ಕೇಬಲ್ಲಿನ ಕಡೆಗೆ ಹರಿಯುತ್ತಿದೆ ಎಂದರ್ಥ. ಸಭಾಭವನದ ಪ್ರೊಜೆಕ್ಟರಿಗೆ ಜೋಡಿಸಿ ಬಿಚ್ಚಿದ ಲ್ಯಾಪ್‌ಟಾಪ್ ಮರುದಿನ ತರಗತಿಯಲ್ಲಿ ಮೂಕವಾಗುವುದು ಹೀಗೆಯೇ. ಸ್ಪೀಕರೆಂದು ಆಯ್ದರೆ ಸಾಕು. 'ಡಮ್ಮಿ ಔಟ್‌ಪುಟ್' ಎಂದಿದ್ದರೆ ಸಂಗತಿ ಬೇರೆ: ಪರಿಚಾರಕನಿಗೆ ಧ್ವನಿಯಂತ್ರವೇ ಕಾಣುತ್ತಿಲ್ಲ, ಬಂದದ್ದನ್ನೆಲ್ಲ ಅವನು ಶೂನ್ಯಕ್ಕೆ ಸುರಿಯುತ್ತಿದ್ದಾನೆ.

ಡಮ್ಮಿ ಎಂದು ತೋರಿದಾಗ ಟರ್ಮಿನಲ್ಲಿನಲ್ಲಿ 'ಎಪ್ಲೇ' ಎಂಬ ಆಜ್ಞೆಯನ್ನು, ಅದರ ಮುಂದೆ ಒಂದು ಅಡ್ಡಗೆರೆಯನ್ನೂ ಸಣ್ಣ ಎಲ್ ಅಕ್ಷರವನ್ನೂ ಸೇರಿಸಿ ಕೊಟ್ಟರೆ ಕರ್ನಲ್ ಗುರುತಿಸಿರುವ ಧ್ವನಿಸಾಧನಗಳ ಪಟ್ಟಿ ದೊರೆಯುತ್ತದೆ. ಪಟ್ಟಿಯಲ್ಲಿ ಸಾಧನವಿದ್ದರೆ ಕೆಳಗಿನ ಮನೆ ಸರಿಯಾಗಿದೆ, ಪರಿಚಾರಕನೇ ಎಡವಿದ್ದಾನೆ. ಪೈಪ್‌ವೈರ್ ಮತ್ತು ಅದರ ನಿರ್ವಾಹಕನಾದ ವೈರ್‌ಪ್ಲಂಬರನ್ನು ಪುನಃ ಆರಂಭಿಸಿದರೆ, ಇಲ್ಲವೇ ಯಂತ್ರವನ್ನೇ ಪೂರ್ಣವಾಗಿ ಆರಿಸಿ ಹೊತ್ತಿಸಿದರೆ, ಸಾಮಾನ್ಯವಾಗಿ ಸರಿಹೋಗುತ್ತದೆ. ಪಟ್ಟಿಯಲ್ಲಿ ಸಾಧನವೇ ಇಲ್ಲವಾದರೆ ಚಾಲಕದಲ್ಲಿ ಅಥವಾ ಫರ್ಮ್‌ವೇರಿನಲ್ಲಿ ತೊಡಕು. 2019-20ರಿಂದೀಚಿನ ಅನೇಕ ಇಂಟೆಲ್ ಲ್ಯಾಪ್‌ಟಾಪುಗಳಲ್ಲಿ ಧ್ವನಿಗೆಂದೇ ಪ್ರತ್ಯೇಕ ಸಂಸ್ಕಾರಕವೊಂದಿದ್ದು, ಅದಕ್ಕೆ 'ಸೌಂಡ್ ಓಪನ್ ಫರ್ಮ್‌ವೇರ್' ಎಂಬ ಕಡತವನ್ನು ಪ್ರತಿ ಬಾರಿಯೂ ಉಣಿಸಬೇಕಾಗುತ್ತದೆ. ಆ ಕಡತ ಸ್ಥಾಪನೆಯಾಗಿರದಿದ್ದರೆ ಯಂತ್ರಾಂಶವು ಸುಸ್ಥಿತಿಯಲ್ಲಿದ್ದೂ ಅದೃಶ್ಯ. ಡೆಬಿಯನ್ ಬಳಗವು 2023ರ ತನ್ನ 12ನೆಯ ಆವೃತ್ತಿಯವರೆಗೂ ಇಂತಹ ಕಡತಗಳನ್ನು ಅಧಿಕೃತ ಸ್ಥಾಪಕದೊಳಗೆ ಸೇರಿಸುತ್ತಿರಲಿಲ್ಲ. ತತ್ತ್ವನಿಷ್ಠೆ ಶ್ಲಾಘ್ಯವೇ, ಆದರೆ ಅದರ ಬೆಲೆಯನ್ನು ತೆತ್ತವನು ಏನೂ ಅರಿಯದ ಬಳಕೆದಾರ. 'ಡಿ-ಮೆಸೇಜ್' ಎಂದು ವಾಡಿಕೆಯಲ್ಲಿ ಕರೆಯುವ ಕರ್ನಲ್ ದಿನಚರಿಯಲ್ಲಿ 'ಸೋಫ್' ಎಂಬ ಹೆಸರಿನೊಡನೆ ದೋಷಸೂಚನೆ ಕಂಡರೆ ಆ ಕಡತದ ಪೊಟ್ಟಣವನ್ನು ಸ್ಥಾಪಿಸಿ ಯಂತ್ರವನ್ನು ಮರಳಿ ಆರಂಭಿಸಬೇಕು.

ಸಾಧನವೂ ಇದೆ, ನಿರ್ಗಮವೂ ಸರಿಯಾಗಿದೆ, ಆದರೂ ನಿಶ್ಶಬ್ದ ಎಂಬಲ್ಲಿ 'ಅಲ್ಸಾಮಿಕ್ಸರ್' ಉಪಯುಕ್ತ. ಇದನ್ನು ತೆರೆದೊಡನೆ ಒಂದೇ ಒಂದು ಕಂಬ ಕಾಣುವುದುಂಟು. ಅದು ಪರಿಚಾರಕನ ಮುಖವಾಡ. ಎಫ್6 ಕೀಲಿಯನ್ನು ಒತ್ತಿ ನಿಜವಾದ ಧ್ವನಿಸಾಧನವನ್ನು ಆರಿಸಿಕೊಂಡಾಗ ಮಾಸ್ಟರ್, ಸ್ಪೀಕರ್, ಹೆಡ್‌ಫೋನ್ ಎಂಬ ಕಂಬಗಳ ಸಾಲು ತೆರೆದುಕೊಳ್ಳುತ್ತದೆ. ಕಂಬದ ಬುಡದಲ್ಲಿ ಎರಡು ಎಮ್ ಅಕ್ಷರಗಳಿದ್ದರೆ ಆ ದಾರಿ ಮುಚ್ಚಿದೆ. ಎರಡು ಸೊನ್ನೆಗಳಿದ್ದರೆ ತೆರೆದಿದೆ. ಎಮ್ ಕೀಲಿಯಿಂದ ತೆರೆಯಬಹುದು, ಮೇಲ್ಮುಖ ಬಾಣದಿಂದ ಏರಿಸಬಹುದು. ಮೇಲ್ಮೈಯ ಚಿತ್ರಪಟದಲ್ಲಿ ಧ್ವನಿ ಪೂರ್ಣ ಏರಿದ್ದು ಇಲ್ಲಿ ಸ್ಪೀಕರಿನ ಕಂಬ ಮಾತ್ರ ಸೊನ್ನೆಯಲ್ಲಿರುವುದನ್ನು ಕಂಡಾಗ ಹೊಸಬರಿಗೆ ವಿಸ್ಮಯವಾಗುತ್ತದೆ. 'ಆಟೊ-ಮ್ಯೂಟ್' ಎಂಬ ಅಂಶವೂ ಇಲ್ಲಿಯೇ ಇದೆ. ಹಿಂದೆ ಹೇಳಿದ ಇಯರ್‌ಫೋನ್ ರಂಧ್ರದ ಭ್ರಮೆಯನ್ನು ತೊಲಗಿಸಲಾಗದಿದ್ದಲ್ಲಿ ಇದನ್ನು ನಿಷ್ಕ್ರಿಯಗೊಳಿಸಿ ನೋಡಬಹುದು.

ಇಲ್ಲಿಂದ ಮುಂದಿನ ಭಾಗವೇ ಲಿನಕ್ಸಿನ ಧ್ವನಿದೋಷದ ಮರ್ಮ. ಕೋಡೆಕ್ ಬಿಲ್ಲೆಗೆ ಅನೇಕ ಕಾಲುಗಳಿರುತ್ತವೆ. ಯಾವ ಕಾಲು ಸ್ಪೀಕರಿಗೆ, ಯಾವುದು ಇಯರ್‌ಫೋನಿಗೆ, ಯಾವುದು ಯಾತಕ್ಕೂ ಇಲ್ಲ ಎಂಬುದು ಒಂದೊಂದು ಮಾದರಿಯಲ್ಲಿ ಒಂದೊಂದು ಬಗೆ. ಈ ವಿವರವನ್ನು ತಯಾರಕರು ಯಂತ್ರದ ಬಯಾಸಿನಲ್ಲಿ ಬರೆದಿಡಬೇಕು. ಆದರೆ ಅವರು ಯಂತ್ರವನ್ನು ಮಾರುವುದು ವಿಂಡೋಸ್ ಸಹಿತವಾಗಿ. ಬಯಾಸಿನ ಬರಹ ತಪ್ಪಾಗಿದ್ದರೂ ತಮ್ಮ ವಿಂಡೋಸ್ ಚಾಲಕದೊಳಗೆ ಅದನ್ನು ಗುಟ್ಟಾಗಿ ತಿದ್ದಿಕೊಂಡು ಮುಂದೆ ಸಾಗುವುದುಂಟು. ಲಿನಕ್ಸಿನ ಚಾಲಕವಾದರೋ ಬರೆದಿದ್ದನ್ನೇ ಪ್ರಮಾಣವೆಂದು ಓದುತ್ತದೆ. ಸೂಚೀಪತ್ರವೇ ತಪ್ಪಿದ್ದರೆ ಗ್ರಂಥ ಕಪಾಟಿನಲ್ಲಿದ್ದೂ ಸಿಕ್ಕದಂತೆ, ಸ್ಪೀಕರು ಯಂತ್ರದಲ್ಲಿದ್ದೂ ಚಾಲಕಕ್ಕೆ ಸಿಕ್ಕುವುದಿಲ್ಲ. ಇದಕ್ಕಾಗಿ ಕರ್ನಲ್ ಬರೆಯುವವರು ಶುದ್ಧಾಶುದ್ಧ ಪತ್ರಿಕೆಯಂತಹ ಒಂದು ಪಟ್ಟಿಯನ್ನು ಇಟ್ಟುಕೊಂಡಿದ್ದಾರೆ. ರಿಯಲ್‌ಟೆಕ್ ಸಂಸ್ಥೆಯ ಕೋಡೆಕ್ಕುಗಳ ಚಾಲಕದಲ್ಲಿ ಇದು ಬಹಳ ದೀರ್ಘವಾಗಿ ಬೆಳೆದಿದೆ. ಯಂತ್ರಮಾದರಿಯ ಗುರುತಿನ ಸಂಖ್ಯೆ, ಅದರ ಮುಂದೆ ಮಾಡಬೇಕಾದ ತಿದ್ದುಪಡಿಯ ಹೆಸರು, ಹೀಗೆ ಮಾದರಿಗೊಂದು ಸಾಲು. ಸಾಲಿನ ಹಿಂದೆ, ತನ್ನ ಯಂತ್ರ ಮೂಕವಾಗಿದೆಯೆಂದು ವರದಿ ಬರೆದ ಯಾವನೋ ಒಬ್ಬ ಬಳಕೆದಾರ ಇರುವುದುಂಟು.

ಆದಕಾರಣ ಹಳೆಯ ಕರ್ನಲ್ಲಿನಲ್ಲಿ ಮೂಕವಾಗಿದ್ದ ಯಂತ್ರವು ಹೊಸ ಕರ್ನಲ್ಲಿನಲ್ಲಿ, ಬೇರಾವ ಚಿಕಿತ್ಸೆಯೂ ಇಲ್ಲದೆ, ಮಾತಾಡುವುದುಂಟು. ಇದನ್ನು ಪರೀಕ್ಷಿಸಲು ಸ್ಥಾಪಿತ ವ್ಯವಸ್ಥೆಯನ್ನು ಕೆಡಿಸಬೇಕಿಲ್ಲ. ಹೊಸ ಆವೃತ್ತಿಯನ್ನು ಯುಎಸ್‌ಬಿ ಕಡ್ಡಿಯಲ್ಲಿ ತುಂಬಿ, ಅದರಿಂದಲೇ ಯಂತ್ರವನ್ನು ಚಾಲನೆಗೊಳಿಸಿ ಕೇಳಿದರಾಯಿತು. ಅಲ್ಲಿ ಧ್ವನಿ ಬಂದರೆ ಸ್ಪೀಕರು ಜೀವಂತವಾಗಿದೆಯೆಂಬುದು ನಿರ್ವಿವಾದ.

ಹೊಸ ಯಂತ್ರಗಳಲ್ಲಿ ಇನ್ನೊಂದು ಜಟಿಲತೆ ಸೇರಿದೆ. ಸಿರಸ್ ಲಾಜಿಕ್, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಮುಂತಾದ ಸಂಸ್ಥೆಗಳ 'ಜಾಣ' ಆಂಪ್ಲಿಫೈಯರುಗಳು ಕೋಡೆಕ್ಕಿನಿಂದ ಪ್ರತ್ಯೇಕವಾಗಿದ್ದು, ಅವನ್ನು ಎಬ್ಬಿಸಲು ಬೇರೆ ಚಾಲಕವೂ ಬೇರೆ ಫರ್ಮ್‌ವೇರೂ ಬೇಕು. ಎಬ್ಬಿಸದಿದ್ದರೆ ಇಯರ್‌ಫೋನಿನಲ್ಲಿ ಎಲ್ಲವೂ ಸುಶ್ರಾವ್ಯ, ಸ್ಪೀಕರಿನಲ್ಲಿ ಸೊನ್ನೆ. ಅಥವಾ ಡಬ್ಬಿಯೊಳಗಿಂದ ಬಂದಂತಹ ಕ್ಷೀಣ ಸ್ವರ.

ಬೇಕೆಂದೇ ಮೌನವನ್ನು ವಿಧಿಸಿದ ಒಂದು ಉದಾಹರಣೆಯೂ ಉಂಟು. ಆಪಲ್ ಸಂಸ್ಥೆಯ ಎಂ ಶ್ರೇಣಿಯ ಲ್ಯಾಪ್‌ಟಾಪುಗಳಿಗೆ ಲಿನಕ್ಸನ್ನು ಒಗ್ಗಿಸಿದ 'ಅಸಾಹಿ' ಬಳಗದವರು, ಬೇರೆ ಅನೇಕ ಅಂಗಗಳು ಸಿದ್ಧವಾದ ಮೇಲೂ ಸ್ಪೀಕರನ್ನು ತೆರೆಯದೆ ಉಳಿಸಿದರು. ಆ ಪುಟ್ಟ ಸ್ಪೀಕರುಗಳು ತಮ್ಮ ಗಾತ್ರಕ್ಕೆ ಮೀರಿದ ಶಕ್ತಿಯಿಂದ ನುಡಿಯುತ್ತವೆ. ತಂತಿಸುರುಳಿಯ ಉಷ್ಣತೆಯನ್ನು ತಂತ್ರಾಂಶವು ಸದಾ ಲೆಕ್ಕಹಾಕುತ್ತಿರದಿದ್ದರೆ ಅವು ಸುಟ್ಟುಹೋಗಬಲ್ಲವು. ಆ ಲೆಕ್ಕವನ್ನು ನೋಡಿಕೊಳ್ಳುವ 'ಸ್ಪೀಕರ್‌ಸೇಫ್ಟಿಡಿ' ಎಂಬ ಕಾವಲುಗಾರನನ್ನು ಬರೆದು ಮುಗಿಸಿದ ನಂತರವಷ್ಟೇ ಬಾಯಿ ತೆರೆಯಿಸಿದರು. ಸಾಮಾನ್ಯ ಲ್ಯಾಪ್‌ಟಾಪಿನ ಒಡೆಯರೂ ಇದರಿಂದ ಒಂದನ್ನು ತಿಳಿಯಬಹುದು: ತರಗತಿಯ ಕೊನೆಯ ಸಾಲಿಗೆ ಕೇಳಿಸಲೆಂದು ಧ್ವನಿಯನ್ನು ಶೇಕಡಾ 100ಕ್ಕೂ ಮೇಲೆ ಏರಿಸುವ ಸೌಲಭ್ಯವನ್ನು ನಿತ್ಯವೂ ಬಳಸಿದರೆ ಸ್ವರ ಒಡೆಯುತ್ತದೆ, ಸಣ್ಣ ಸ್ಪೀಕರಿನ ಆಯುಸ್ಸಿಗೂ ಒಳ್ಳೆಯದಲ್ಲ. ಅಂತಹ ತರಗತಿಗೆ ಹೊರಗಿನ ಧ್ವನಿಪೆಟ್ಟಿಗೆಯೇ ಯೋಗ್ಯ.

ಪ್ರತಿ ಧ್ವನಿಯ ಆರಂಭದಲ್ಲಿ 'ಟಪ್' ಎಂಬ ಸದ್ದು ಬರುವುದು ರೋಗವಲ್ಲ. ವಿದ್ಯುತ್ತಿನ ಮಿತವ್ಯಯಕ್ಕಾಗಿ ನಿದ್ರಿಸಿದ ಕೋಡೆಕ್ ಎಚ್ಚರಗೊಳ್ಳುವ ಸದ್ದು. ಚಾಲಕದ ವಿದ್ಯುದುಳಿತಾಯದ ಆಯ್ಕೆಯನ್ನು ನಿಲ್ಲಿಸಿದರೆ ನಿಲ್ಲುತ್ತದೆ. ಎಲ್ಲ ಧ್ವನಿಯಲ್ಲೂ ಒಂದೇ ಸ್ವರಸ್ಥಾನದಲ್ಲಿ ಗರಗರವೆಂದರೆ ಪಟಲ ಹರಿದಿರಬಹುದು ಅಥವಾ ತಿರುಪು ಸಡಿಲವಾಗಿರಬಹುದು. ಆಗ ಮಾತ್ರ ಯಂತ್ರವನ್ನು ಬಿಚ್ಚಬಲ್ಲ ಕುಶಲಿಯ ನೆರವು ಬೇಕು. ಯುಎಸ್‌ಬಿ ಕಡ್ಡಿಯ ಪರೀಕ್ಷೆಯಲ್ಲೂ ಮೌನ, ವಿಂಡೋಸ್ ಉಳಿದಿದ್ದರೆ ಅದರಲ್ಲೂ ಮೌನ, ಬಯಾಸಿನಲ್ಲಿ ಧ್ವನಿಯನ್ನು ಮುಚ್ಚಿಲ್ಲ ಎಂದಾದರೆ ಆಗಲೂ ಹಾಗೆಯೇ.

ಹಿಂದೆ ಹೇಳಿದ ದೃಷ್ಟಿಹೀನ ವಿದ್ಯಾರ್ಥಿಯ ಇಕ್ಕಟ್ಟಿಗೆ ಉಪಾಯ ಸುಲಭವಾದದ್ದು: ಯುಎಸ್‌ಬಿ ಹೆಡ್‌ಸೆಟ್. ಇದರೊಳಗೆ ತನ್ನದೇ ಧ್ವನಿಸಾಧನವಿರುತ್ತದೆ. ಎಲ್ಲ ತಯಾರಕರೂ ಅನುಸರಿಸುವ ಒಂದು ಸಮಾನ ಮಾನಕವಿರುವುದರಿಂದ ಲಿನಕ್ಸಿನ ಒಂದೇ ಚಾಲಕ ಬಹುತೇಕ ಎಲ್ಲಕ್ಕೂ ಸಾಲುತ್ತದೆ. ಲ್ಯಾಪ್‌ಟಾಪಿನ ಒಳಗಿನ ಕೋಡೆಕ್ಕು, ಬಯಾಸು ಇವುಗಳ ಹಂಗಿಲ್ಲ. ಅದನ್ನು ಚುಚ್ಚಿ, ಗ್ನೋಮ್ ಪರಿಸರದಲ್ಲಾದರೆ ಸೂಪರ್, ಆಲ್ಟ್, ಎಸ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಓರ್ಕಾ ಮಾತಾಡತೊಡಗುತ್ತದೆ. ಉಳಿದ ಶೋಧನೆಯನ್ನು ಆ ವಿದ್ಯಾರ್ಥಿಯೇ ನಡೆಸಬಹುದು. ಪ್ರಯೋಗಶಾಲೆಯ ಕಪಾಟಿನಲ್ಲಿ ಇಂತಹದೊಂದನ್ನು ಇಡುವುದು ವ್ಯರ್ಥವೆಚ್ಚವಲ್ಲ. ಹಳೆಯ ಯಂತ್ರಗಳನ್ನು ದಾನ ಮಾಡುವ ಮಹನೀಯರು ಜೊತೆಯಲ್ಲಿ ಒಂದು ಹೆಡ್‌ಸೆಟ್ಟನ್ನೂ ಕೊಟ್ಟರೆ, ಯಂತ್ರದ ಮಾದರಿಯ ಪೂರ್ಣ ಹೆಸರನ್ನೂ ಧ್ವನಿ ಹಿಂದೆ ಸರಿಯಾಗಿತ್ತೇ ಎಂಬುದನ್ನೂ ಚೀಟಿಯಲ್ಲಿ ಬರೆದುಕೊಟ್ಟರೆ, ಅಧ್ಯಾಪಕರ ಎಷ್ಟೋ ದಿನಗಳ ಶ್ರಮ ಉಳಿಯುತ್ತದೆ.

ಇಷ್ಟಾದರೂ ಕೋಡೆಕ್ಕಿನ ಕಾಲುಗಳ ದೋಷವೆಂದೇ ಕಂಡುಬಂದಲ್ಲಿ ಮಾಡಬೇಕಾದುದು ವರದಿ. 'ಅಲ್ಸಾ-ಇನ್‌ಫೋ' ಎಂಬ ಪುಟ್ಟ ತಂತ್ರಾಂಶವು ಕೋಡೆಕ್ಕಿನ ಹೆಸರು, ಗುರುತಿನ ಸಂಖ್ಯೆ, ಕಾಲುಗಳ ಸ್ಥಿತಿ ಎಲ್ಲವನ್ನೂ ಒಂದು ಕಡತದಲ್ಲಿ ಬರೆದುಕೊಡುತ್ತದೆ. ಅದನ್ನು ಬಳಸುತ್ತಿರುವ ಆವೃತ್ತಿಯ ದೋಷವರದಿಯ ಕಚೇರಿಗೆ, ಯಂತ್ರದ ಮಾದರಿಯನ್ನೂ ಈವರೆಗೆ ಮಾಡಿದ ಪರೀಕ್ಷೆಗಳನ್ನೂ ನಮೂದಿಸಿ ಕಳುಹಿಸಬೇಕು. "ಧ್ವನಿ ಬರುತ್ತಿಲ್ಲ, ಬೇಗ ಸರಿಪಡಿಸಿ" ಎಂದಷ್ಟೇ ಬರೆದರೆ ಯಾರಿಗೂ ಉಪಯೋಗವಿಲ್ಲ. ಸರಿಯಾದ ವರದಿಯಿಂದ ಮೇಲೆ ಹೇಳಿದ ಪಟ್ಟಿಗೆ ಸಾಲೊಂದು ಸೇರಿದರೆ, ಅದೇ ಮಾದರಿಯ ಯಂತ್ರವಿರುವವರು ಯಾವ ದೇಶದಲ್ಲಿದ್ದರೂ ಅವರ ಸ್ಪೀಕರು ಮುಂದಿನ ಕರ್ನಲ್ಲಿನೊಡನೆ ತಾನಾಗಿ ತೆರೆದುಕೊಳ್ಳುತ್ತದೆ.

ಧ್ವನಿ ಮರಳಿದ ಮೇಲೆ 'ಸ್ಪೀಕರ್-ಟೆಸ್ಟ್' ಆಜ್ಞೆಯನ್ನು ಎರಡು ವಾಹಿನಿಗಳಿಗೆ ಕೊಟ್ಟು, ಎಡದಿಂದಲೂ ಬಲದಿಂದಲೂ ಸದ್ದು ಹೊರಡುವುದನ್ನು ಕೇಳಿ ಖಾತ್ರಿಪಡಿಸಿಕೊಳ್ಳಬೇಕು. ಕರ್ನಲ್ಲನ್ನು ನವೀಕರಿಸಿದಾಗ ಧ್ವನಿ ಮತ್ತೆ ಹೋದರೆ, ಯಂತ್ರದ ಆರಂಭಪಟ್ಟಿಯಲ್ಲಿ ಹಿಂದಿನ ಕರ್ನಲ್ ಉಳಿದೇ ಇರುತ್ತದೆ. ಸದ್ಯಕ್ಕೆ ಅದನ್ನೇ ಆಯ್ದುಕೊಂಡು ಪಾಠವನ್ನು ಮುಂದುವರಿಸಬಹುದು. ಯಾವ ಕರ್ನಲ್ಲಿನಲ್ಲಿ ಯಂತ್ರ ಮಾತಾಡಿತೆಂಬ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಯಂತ್ರದ ತಳಭಾಗಕ್ಕೆ ಅಂಟಿಸಿಡತಕ್ಕದ್ದು. ಮುಂದಿನ ವರ್ಷ ಅದನ್ನು ತೆರೆಯುವ ಅಧ್ಯಾಪಕ ಬೇರೊಬ್ಬರಿರಬಹುದು.